ಅಳಿಸಿದಷ್ಟೂ ಮರಳಿ ಬರುವ ಚೆಕ್ ಎಂಜಿನ್ ದೀಪ: ಹಳೆಯ ಬಾಕ್ಸ್‌ಸ್ಟರ್ ಮಾಲೀಕರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇನೆ. ನನ್ನ ಬಳಿ 2001ರ ಪೋರ್ಷೆ ಬಾಕ್ಸ್‌ಸ್ಟರ್ ಎಸ್ ಇದೆ. ಕಳೆದ ವರ್ಷದಿಂದ ಚೆಕ್ ಎಂಜಿನ್ ದೀಪ ಹತ್ತುತ್ತಿದೆ. ಗ್ಯಾರೇಜಿನಲ್ಲಿ ಅಳಿಸಿಕೊಡುತ್ತಾರೆ, ಮೂರು ನಾಲ್ಕು ವಾರ ಸುಮ್ಮನಿದ್ದು ಮತ್ತೆ ಹತ್ತುತ್ತದೆ. ಪ್ರತಿ ಸಲವೂ ಪಿ1128 ಮತ್ತು ಪಿ1130 ಎಂಬ ಎರಡು ಕೋಡ್‌ಗಳು ಸಿಗುತ್ತವೆ. ಒಮ್ಮೆ ಅವುಗಳ ಜೊತೆ ಪಿ0410 ಕೂಡ ಇತ್ತು. ನಾಲ್ಕೂ ಆಕ್ಸಿಜನ್ ಸೆನ್ಸರ್ ಬದಲಿಸಿದರು, ಆಮೇಲೆ ಮಾಸ್ ಏರ್ ಫ್ಲೋ ಸೆನ್ಸರ್ ಬದಲಿಸಿದರು. ದೀಪ ನಿಂತಿಲ್ಲ. ಓಡಿಸುವಾಗ ತೊಂದರೆ ಕಾಣುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಐಡಲ್, ಅಂದರೆ ನಿಂತಲ್ಲೇ ಎಂಜಿನ್ ತಿರುಗುವ ವೇಗ, ಸ್ವಲ್ಪ ಏರಿಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಈಚೆಗೆ ಬಿಳಿ ಹೊಗೆ ಬರುವುದು ಹೆಚ್ಚಾಗಿದೆ. ಸ್ಮಾಗ್ ಚೆಕ್‌ಗೆ, ಅಂದರೆ ಇಲ್ಲಿನ ಹೊಗೆ ತಪಾಸಣೆಗೆ, ಇನ್ನು ಮೂರು ತಿಂಗಳಿದೆ. ಇನ್ನೂ ಹಣ ಸುರಿಯಲೇ, ಮಾರಿಬಿಡಲೇ?

ಉತ್ತರ: ಮಾರುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಹೊಸ ಬಿಡಿಭಾಗಕ್ಕೆ ಹಣ ಕೊಡುವುದನ್ನೂ ನಿಲ್ಲಿಸಿ. ಎಲ್ಲಕ್ಕಿಂತ ಮೊದಲು ಆ ಕೋಡ್ ಅಳಿಸುವುದನ್ನು ನಿಲ್ಲಿಸಿ. ನಿಮ್ಮ ಪತ್ರದಲ್ಲಿಯೇ ಉತ್ತರದ ಬಹುಪಾಲು ಇದೆ: ಎರಡೂ ಬದಿಯ ಕೋಡ್ ಒಟ್ಟಿಗೆ ಬರುತ್ತಿದೆ, ಐಡಲ್ ಏರಿಳಿಯುತ್ತಿದೆ, ಬಿಳಿ ಹೊಗೆ ಹೆಚ್ಚಾಗಿದೆ. ಈ ಮೂರನ್ನೂ ಒಟ್ಟಿಗೆ ಇಟ್ಟು ಯಾರೂ ಓದಿಲ್ಲ, ಅಷ್ಟೆ.

ಅಳಿಸಿದಾಗ ಏನಾಗುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ನಿಮ್ಮ ಮೂರು ನಾಲ್ಕು ವಾರಗಳ ಲೆಕ್ಕ ಅಲ್ಲಿಯೇ ಬಿಡಿಸಿಕೊಳ್ಳುತ್ತದೆ. ಎಂಜಿನ್ನನ್ನು ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡುವ ಆಕ್ಸಿಜನ್ ಸೆನ್ಸರ್‌ಗಳು ಹೇಳಿದ್ದನ್ನು ಕೇಳುತ್ತಾ ಪೆಟ್ರೋಲಿನ ಪ್ರಮಾಣವನ್ನು ಸದಾ ತಿದ್ದುತ್ತಿರುತ್ತದೆ. ಈ ತಿದ್ದುಪಡಿಗೆ ಫ್ಯೂಯಲ್ ಟ್ರಿಮ್ ಎನ್ನುತ್ತಾರೆ. ಗಾಳಿ ಹೆಚ್ಚಾಗಿದೆ ಎಂದು ಕಂಡರೆ ಪೆಟ್ರೋಲನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತದೆ, ಹಾಗೆ ಹೆಚ್ಚಿಸಿದ್ದನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ತಿದ್ದುಪಡಿ ತನಗೆ ಹಾಕಿಕೊಟ್ಟ ಮಿತಿಯನ್ನು ಮುಟ್ಟಿದಾಗ ಕೋಡ್ ಬರೆದುಕೊಳ್ಳುತ್ತದೆ. ಆದರೂ ಕೂಡಲೇ ದೀಪ ಹತ್ತಿಸುವುದಿಲ್ಲ. ಹೆಚ್ಚಿನ ದೋಷಗಳಲ್ಲಿ ಮೊದಲ ಓಟದಲ್ಲಿ ಕಂಡದ್ದು ಮರು ಓಟದಲ್ಲಿಯೂ ಕಂಡರೆ ಮಾತ್ರ ದೀಪ ಹತ್ತುತ್ತದೆ. ಗ್ಯಾರೇಜಿನವರು ಕೋಡ್ ಅಳಿಸಿದಾಗ ದೀಪದ ಜೊತೆಗೆ ಕಲಿತ ತಿದ್ದುಪಡಿಯೂ ಅಳಿದುಹೋಗುತ್ತದೆ. ಇಸಿಯು ಸೊನ್ನೆಯಿಂದ ಮತ್ತೆ ಕಲಿಯಲು ಆರಂಭಿಸುತ್ತದೆ, ನಿಧಾನವಾಗಿ ಏರಿ ಅದೇ ಮಿತಿಯನ್ನು ಮುಟ್ಟುತ್ತದೆ, ದೀಪ ಹತ್ತುತ್ತದೆ. ನಿಮ್ಮ ಮೂರು ನಾಲ್ಕು ವಾರ ಎಂದರೆ ಹೀಗೆ ಮತ್ತೆ ಕಲಿಯಲು ಹಿಡಿಯುವ ಸಮಯ. ದೋಷ ನಡುವೆ ಹೋಗಿ ಬರುತ್ತಿಲ್ಲ, ಒಂದು ದಿನವೂ ಅದು ನಿಮ್ಮ ಕಾರನ್ನು ಬಿಟ್ಟು ಹೋಗಿಲ್ಲ.

ಅಳಿಸುವುದರಿಂದ ಇನ್ನೊಂದು ನಷ್ಟವಿದೆ. ಕೋಡ್ ಬಿದ್ದ ಕ್ಷಣದಲ್ಲಿ ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿತ್ತು, ಎಷ್ಟು ಬಿಸಿಯಾಗಿತ್ತು, ಕಾರು ಓಡುತ್ತಿತ್ತೇ ನಿಂತಿತ್ತೇ, ತಿದ್ದುಪಡಿ ಎಷ್ಟಿತ್ತು ಎಂಬುದನ್ನೆಲ್ಲ ಇಸಿಯು ಒಂದು ಚಿತ್ರದಂತೆ ಉಳಿಸಿಟ್ಟಿರುತ್ತದೆ. ಫ್ರೀಜ್ ಫ್ರೇಮ್ ಎನ್ನುವುದು ಇದನ್ನೇ. ದೋಷ ಹುಡುಕುವವನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಒಂದು ವರ್ಷದಿಂದ ಪ್ರತಿ ಸಲವೂ ಆ ಸಾಕ್ಷಿಯನ್ನು ಓದದೆಯೇ ಒರೆಸಿಹಾಕಲಾಗಿದೆ. ನನಗೆ ಸಿಟ್ಟು ಬರುವುದು ಇಲ್ಲಿಯೇ. ದುಬಾರಿ ಯಂತ್ರ ಬೇಕಿಲ್ಲ, ಸಾಧಾರಣ ಸ್ಕ್ಯಾನರ್ ಕೂಡ ಅದನ್ನು ಓದುತ್ತದೆ. ಓದಲು ಎರಡು ನಿಮಿಷ ಸಾಕು.

ಈ ದೀಪ ಯಾತಕ್ಕೆ ಇದೆ ಎಂಬುದೂ ತಿಳಿದಿರಬೇಕು, ಇಲ್ಲವಾದರೆ ಅದರಿಂದ ಆಗದ್ದನ್ನು ಅದರಿಂದ ನಿರೀಕ್ಷಿಸುತ್ತೇವೆ. ಲಾಸ್ ಏಂಜಲೀಸ್‌ನ ಕಣ್ಣುರಿಸುವ ಮಂಜಿಗೆ ವಾಹನದ ಹೊಗೆಯೂ ಬಿಸಿಲೂ ಕೂಡಿ ಕಾರಣ ಎಂದು ತೋರಿಸಿಕೊಟ್ಟವರು ಕ್ಯಾಲ್ಟೆಕ್ ವಿದ್ಯಾಸಂಸ್ಥೆಯ ವಿಜ್ಞಾನಿ ಏರಿ ಹಾಗೆನ್-ಸ್ಮಿಟ್. ಮುಂದೆ ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರೂ ಅವರೇ. ಆ ಹೋರಾಟದ ಮುಂದುವರಿಕೆಯಾಗಿ ಬಂದದ್ದು ಓಬಿಡಿ-2, ಅಂದರೆ ಕಾರು ತನ್ನ ದೋಷವನ್ನು ತಾನೇ ಪತ್ತೆಹಚ್ಚಿ ಈ ದೀಪ ಹತ್ತಿಸುವ ವ್ಯವಸ್ಥೆ. 1996ರ ಮಾದರಿಯಿಂದ ಅಮೆರಿಕದಲ್ಲಿ ಮಾರಾಟವಾಗುವ ಎಲ್ಲ ಕಾರುಗಳಲ್ಲೂ ಅದು ಕಡ್ಡಾಯವಾಯಿತು. ಹೊಗೆಯ ಮಾಲಿನ್ಯ ನಿಗದಿತ ಮಟ್ಟದ ಸುಮಾರು ಒಂದೂವರೆ ಪಟ್ಟು ಮೀರಬಹುದು ಎಂದು ಅನುಮಾನ ಬಂದಾಗ ದೀಪ ಹತ್ತಬೇಕು ಎಂಬುದು ಅದರ ಮೂಲ ನಿಯಮ. ಅಂದರೆ ಇದು ಗಾಳಿಯ ಕಾವಲಿಗೆ ಇಟ್ಟ ದೀಪ, ಎಂಜಿನ್‌ನ ಆರೋಗ್ಯಕ್ಕೆ ಇಟ್ಟದ್ದಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಾದರೆ ಹತ್ತುತ್ತದೆ. ಬೇರಿಂಗ್ ಒಂದು ಸವೆದು ಎಂಜಿನ್ ಸಾಯುವ ಸ್ಥಿತಿಯಲ್ಲಿದ್ದರೂ ಹತ್ತದೆ ಇರಬಹುದು. ದೀಪ ಹತ್ತಿದ್ದಕ್ಕೆ ಕಾರು ಕೆಟ್ಟಿತೆಂದು ಹೆದರುವುದೂ ಬೇಡ, ಆರಿದ್ದಕ್ಕೆ ಎಲ್ಲವೂ ಸರಿ ಎಂದು ನಂಬುವುದೂ ಬೇಡ.

ಈಗ ನಿಮ್ಮ ಕೋಡ್‌ಗಳಿಗೆ ಬರೋಣ. ಬಾಕ್ಸ್‌ಸ್ಟರ್‌ನದು ಸಮತಲ ಆರು ಸಿಲಿಂಡರಿನ ಎಂಜಿನ್, ಒಂದೊಂದು ಬದಿಗೆ ಮೂರು ಸಿಲಿಂಡರ್. ಪಿ1128 ಒಂದು ಬದಿಯದು, ಪಿ1130 ಇನ್ನೊಂದು ಬದಿಯದು. ಎರಡೂ ಹೇಳುವುದು ಒಂದೇ ಮಾತು: ಐಡಲ್‌ನಲ್ಲಿ ಮಿಶ್ರಣ ಲೀನ್ ಆಗಿದೆ, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ, ಎಷ್ಟು ಪೆಟ್ರೋಲ್ ಸೇರಿಸಿದರೂ ಸಾಲುತ್ತಿಲ್ಲ, ನನ್ನ ಮಿತಿ ಮುಗಿಯಿತು. ಇಲ್ಲಿ ಆಕ್ಸಿಜನ್ ಸೆನ್ಸರ್ ದೂರು ಕೊಟ್ಟದ್ದು, ಕೆಟ್ಟದ್ದಲ್ಲ. ದೂರು ಕೊಟ್ಟವನನ್ನೇ ಬದಲಿಸಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಎರಡು ಬದಿಗೆ ಬೇರೆ ಬೇರೆ ಸೆನ್ಸರ್‌ಗಳಿವೆ, ಅವು ಒಂದೇ ವಾರದಲ್ಲಿ ಒಂದೇ ರೀತಿ ಕೆಡುವ ಸಂಭವ ಬಹಳ ಕಡಿಮೆ. ಎರಡೂ ಬದಿ ಒಟ್ಟಿಗೆ ಲೀನ್ ಎಂದರೆ ಎರಡಕ್ಕೂ ಸೇರಿದ ಜಾಗವೊಂದರಲ್ಲಿ ದೋಷವಿದೆ. ಅಂಥ ಜಾಗಗಳು ಹೆಚ್ಚಿಲ್ಲ: ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್, ಪೆಟ್ರೋಲ್ ಒತ್ತಡ, ಇಲ್ಲವೇ ಆ ಸೆನ್ಸರ್ ದಾಟಿದ ಮೇಲೆ ಅಳತೆಗೆ ಸಿಗದೆ ಒಳನುಗ್ಗುವ ಗಾಳಿ.

ಈ ಮೂರನ್ನು ಬೇರ್ಪಡಿಸಲು ಸಣ್ಣ ಗಣಿತ ಸಾಕು. ಉದಾಹರಣೆಗೆ, ಐಡಲ್‌ನಲ್ಲಿ ಎಂಜಿನ್ ಸೆಕೆಂಡಿಗೆ 4 ಗ್ರಾಂ ಗಾಳಿ ಎಳೆಯುತ್ತಿದೆ, ಬಿರುಕೊಂದರಿಂದ 0.4 ಗ್ರಾಂ ಕಳ್ಳದಾರಿಯಲ್ಲಿ ಬರುತ್ತಿದೆ ಎಂದಿಟ್ಟುಕೊಳ್ಳಿ. ಅದು ಶೇ. 10ರ ತಪ್ಪು. ಹೆದ್ದಾರಿಯಲ್ಲಿ ಸೆಕೆಂಡಿಗೆ 40 ಗ್ರಾಂ ಗಾಳಿ ಬೇಕಾದಾಗ ಅದೇ 0.4 ಗ್ರಾಂ ಶೇ. 1 ಮಾತ್ರ, ನಿಜದಲ್ಲಿ ಇನ್ನೂ ಕಡಿಮೆ, ಏಕೆಂದರೆ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಕವಾಟ) ತೆರೆದಾಗ ಒಳಗಿನ ನಿರ್ವಾತವೂ ತಗ್ಗುತ್ತದೆ. ಹೀಗಾಗಿ ಗಾಳಿ ಸೋರಿಕೆ ಇದ್ದರೆ ತಿದ್ದುಪಡಿ ಐಡಲ್‌ನಲ್ಲಿ ಮೇಲಿರುತ್ತದೆ, ವೇಗ ಹೆಚ್ಚಿದಂತೆ ಸರಿಹೋಗುತ್ತದೆ. ಮಾಸ್ ಏರ್ ಫ್ಲೋ ಸೆನ್ಸರ್ ಕಡಿಮೆ ತೋರಿಸುತ್ತಿದ್ದರೆ ಅಥವಾ ಪೆಟ್ರೋಲ್ ಪಂಪ್ ಸೋತಿದ್ದರೆ ಇದಕ್ಕೆ ತದ್ವಿರುದ್ಧ: ಐಡಲ್‌ನಲ್ಲಿ ಪರವಾಗಿಲ್ಲ, ಎಂಜಿನ್ ಮೇಲೆ ಹೊರೆ ಬಿದ್ದಂತೆ ತಿದ್ದುಪಡಿ ಏರುತ್ತಾ ಹೋಗುತ್ತದೆ. ನಿಮ್ಮ ಎರಡೂ ಕೋಡ್ ಐಡಲ್‌ಗೆ ಸೇರಿದವು, ಓಡಿಸುವಾಗ ನಿಮಗೆ ತೊಂದರೆ ಕಂಡಿಲ್ಲ. ನಾನು ಸೋರಿಕೆಯನ್ನೇ ಮೊದಲು ಹುಡುಕುತ್ತೇನೆ.

ಇದನ್ನು ನೀವೇ ನೋಡಬಹುದು. ಡ್ಯಾಶ್‌ಬೋರ್ಡಿನ ಕೆಳಗೆ, ಚಾಲಕನ ಕಾಲಿನ ಮೇಲ್ಭಾಗದಲ್ಲಿ 16 ಪಿನ್ನುಗಳ ಸಾಕೆಟ್ ಇದೆ. ನೇರ ಅಂಕಿಗಳನ್ನು ತೋರಿಸುವ ಸ್ಕ್ಯಾನರ್ ಒಂದನ್ನು ಅಲ್ಲಿ ಸಿಕ್ಕಿಸಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡಲ್‌ನಲ್ಲಿ ಎರಡೂ ಬದಿಯ ಅಲ್ಪಾವಧಿ ಮತ್ತು ದೀರ್ಘಾವಧಿ ತಿದ್ದುಪಡಿಗಳನ್ನು ಬರೆದುಕೊಳ್ಳಿ, ಆಮೇಲೆ ನಿಮಿಷಕ್ಕೆ 2500 ಸುತ್ತಿನಲ್ಲಿ ಸ್ವಲ್ಪ ಹೊತ್ತು ಹಿಡಿದು ಮತ್ತೆ ಬರೆದುಕೊಳ್ಳಿ. ಒಂದೊಂದು ಬದಿಯಲ್ಲಿ ಅಲ್ಪಾವಧಿ, ದೀರ್ಘಾವಧಿ ಎರಡೂ ಕೂಡಿ ಶೇ. 5ರ ಆಚೀಚೆ ಇದ್ದರೆ ಆರೋಗ್ಯ, 10 ದಾಟಿದರೆ ಹುಡುಕಬೇಕಾದ ದೋಷವಿದೆ. ಪೋರ್ಷೆಗೆಂದೇ ಮಾಡಿದ ಡ್ಯುರಾಮೆಟ್ರಿಕ್ ತಂತ್ರಾಂಶ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಐಡಲ್‌ನ ತಿದ್ದುಪಡಿಯನ್ನು ಆರ್‌ಕೆಎಟಿ ಎಂದೂ ಓಟದ ತಿದ್ದುಪಡಿಯನ್ನು ಎಫ್‌ಆರ್‌ಎ ಎಂದೂ ಬೇರೆ ಬೇರೆಯಾಗಿ ತೋರಿಸುತ್ತದೆ. ಆರ್‌ಕೆಎಟಿ ಸೊನ್ನೆಯ ಹತ್ತಿರ, ಎಫ್‌ಆರ್‌ಎ 1.00ರ ಹತ್ತಿರ ಇರಬೇಕು. ನಿಮ್ಮ ಕಾರಿನಲ್ಲಿ ಎಫ್‌ಆರ್‌ಎ ಸರಿಯಾಗಿದ್ದು ಆರ್‌ಕೆಎಟಿ ಮಾತ್ರ ಮೇಲೇರಿದ್ದರೆ ಸೋರಿಕೆ ಎಂಬುದು ಬಹುಮಟ್ಟಿಗೆ ಖಚಿತ.

ಎಲ್ಲಿ ಸೋರುತ್ತಿದೆ? ಈ ಮಾದರಿಯಲ್ಲಿ ನನ್ನ ಮೊದಲ ಅನುಮಾನ ಏರ್ ಆಯಿಲ್ ಸೆಪರೇಟರ್ ಮೇಲೆ. ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಇದು ಬರಿಯ ದೀಪದ ವಿಷಯವಲ್ಲ. ಪಿಸ್ಟನ್ ರಿಂಗುಗಳನ್ನು ದಾಟಿ ಎಂಜಿನ್‌ನ ಕೆಳಹೊಟ್ಟೆಗೆ ಸದಾ ಒಂದಿಷ್ಟು ಅನಿಲ ಇಳಿಯುತ್ತಿರುತ್ತದೆ, ಅದರಲ್ಲಿ ಎಣ್ಣೆಯ ಹನಿಗಳು ಬೆರೆತಿರುತ್ತವೆ. ಈ ಪ್ಲಾಸ್ಟಿಕ್ ಡಬ್ಬಿ ಎಣ್ಣೆಯನ್ನು ಬೇರ್ಪಡಿಸಿ ಕೆಳಗೆ ಕಳುಹಿಸುತ್ತದೆ, ಉಳಿದ ಅನಿಲವನ್ನು ಮತ್ತೆ ಸುಡಲು ಗಾಳಿಯ ದಾರಿಗೆ ಬಿಡುತ್ತದೆ. ಒಳಗೆ ಒಂದು ತೆಳ್ಳನೆಯ ರಬ್ಬರ್ ಪೊರೆ ಇದೆ. ಎಂಜಿನ್‌ನ ಕೆಳಹೊಟ್ಟೆಯಲ್ಲಿ ನಿರ್ವಾತ ಎಷ್ಟಿರಬೇಕು ಎಂದು ಹಿಡಿದಿಡುವುದು ಆ ಪೊರೆಯ ಕೆಲಸ. ವರ್ಷಗಟ್ಟಲೆ ಬಿಸಿ ಎಣ್ಣೆ ಕುಡಿದು ಪೊರೆ ಹರಿಯುತ್ತದೆ, ಇಲ್ಲವೇ ಅದಕ್ಕೆ ಸೇರಿದ ಮಡಿಕೆ ಮಡಿಕೆಯ ಕೊಳವೆ ಬಿರಿಯುತ್ತದೆ. ಆಗ ಆ ಗಾಳಿಯ ದಾರಿಯ, ಅಂದರೆ ಇನ್‌ಟೇಕ್‌ನ, ಪೂರ್ತಿ ನಿರ್ವಾತ ಎಂಜಿನ್‌ನ ಕೆಳಹೊಟ್ಟೆಯನ್ನು ಎಳೆಯುತ್ತದೆ. ಅಳತೆಗೆ ಸಿಗದ ಗಾಳಿ ಒಳಬರುತ್ತದೆ, ಜೊತೆಗೆ ಎಣ್ಣೆಯೂ ಬರುತ್ತದೆ. ಗಾಳಿಯಿಂದ ಲೀನ್ ಕೋಡ್, ಎಣ್ಣೆಯಿಂದ ಬಿಳಿ ಹೊಗೆ.

ಹೊಗೆಯ ಬಗ್ಗೆ ಒಂದು ಎಚ್ಚರ. ಸಮತಲ ಎಂಜಿನ್‌ನಲ್ಲಿ ಸಿಲಿಂಡರ್‌ಗಳು ಮಲಗಿರುತ್ತವೆ, ಆದ್ದರಿಂದ ರಾತ್ರಿ ನಿಂತಾಗ ಒಂದಿಷ್ಟು ಎಣ್ಣೆ ರಿಂಗುಗಳ ಮೂಲಕ ಇಳಿದು, ಬೆಳಿಗ್ಗೆ ಒಂದು ಉಸಿರಿನಷ್ಟು ಹೊಗೆ ಬರುವುದು ಸಹಜ. ಆದರೆ ನೀವು ಹೊಗೆ ಹೆಚ್ಚಾಗಿದೆ ಎಂದಿದ್ದೀರಿ. ಬದಲಾವಣೆ ಮುಖ್ಯ. ಸೈಲೆನ್ಸರ್‌ನಿಂದ ದಟ್ಟ ಮೋಡದಂತೆ ಬಂದು ನಿಲ್ಲದೆ ಹೋದರೆ ಕಾರನ್ನು ಓಡಿಸಬೇಡಿ, ಟೋ ಮಾಡಿಸಿ. ಸೆಪರೇಟರ್ ಪೂರ್ತಿ ಸೋತಾಗ ಎಂಜಿನ್ ಎಷ್ಟು ಎಣ್ಣೆ ನುಂಗಬಹುದೆಂದರೆ, ಅದು ಸಿಲಿಂಡರಿನಲ್ಲಿ ತುಂಬಿ ಪಿಸ್ಟನ್‌ಗೆ ಜಾಗವಿಲ್ಲದಂತಾಗಿ ಕನೆಕ್ಟಿಂಗ್ ರಾಡ್ ಬಾಗಬಹುದು. ದೀಪವನ್ನು ಅಳಿಸುತ್ತಾ ಕಾಲ ತಳ್ಳುವುದು ಅಪಾಯ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕಾಗಿ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ ಒಂದಿದೆ. ಬಿಸಿಯಾದ ಎಂಜಿನ್ ಐಡಲ್‌ನಲ್ಲಿರುವಾಗ ಹಿಂದಿನ ಡಿಕ್ಕಿಯಲ್ಲಿರುವ ಎಂಜಿನ್ ಆಯಿಲ್ ಮುಚ್ಚಳವನ್ನು ತಿರುಗಿಸಿ ಎತ್ತಿ. ಪಕ್ಕದಲ್ಲಿಯೇ ಕೂಲಂಟ್ ಮುಚ್ಚಳವೂ ಇದೆ. ಬಿಸಿಯಿದ್ದಾಗ ಅದನ್ನು ಮುಟ್ಟಬೇಡಿ. ಆಯಿಲ್ ಮುಚ್ಚಳ ಸ್ವಲ್ಪ ಎಳೆತದಿಂದ ಬಂದರೆ ಸರಿ. ಒಳಗಿನಿಂದ ಯಾರೋ ಹಿಡಿದೆಳೆದಂತೆ ಬಿಡದೆ ಅಂಟಿಕೊಂಡರೆ ಅಥವಾ ಸಿಳ್ಳೆಯ ಸದ್ದು ಬಂದರೆ ಸೆಪರೇಟರ್ ಹೋಗಿದೆ. ಗ್ಯಾರೇಜಿನಲ್ಲಿ ಒತ್ತಡ ಅಳೆಯುವ ಮಾನೋಮೀಟರ್ ಇಟ್ಟು ನೋಡಿದರೆ ಆರೋಗ್ಯವಂತ ಎಂಜಿನ್ ಸುಮಾರು 5 ಇಂಚು ನೀರಿನಷ್ಟು ನಿರ್ವಾತ ತೋರಿಸುತ್ತದೆ, ಸೋತದ್ದು ಅದಕ್ಕಿಂತ ಬಹಳ ಹೆಚ್ಚು. ಥ್ರಾಟಲ್‌ನ ರಬ್ಬರ್ ಬೂಟು ಬಿಚ್ಚಿ ನೋಡಿದಾಗ ಒಳಗೆ ಎಣ್ಣೆ ನಿಂತಿದ್ದರೆ ಅದೂ ಇದೇ ಕಥೆ ಹೇಳುತ್ತದೆ.

ಸೆಪರೇಟರ್ ಸರಿಯಿದೆ ಎಂದಾದರೆ ಡಿಕ್ಕಿಯ ಆ ಆಯಿಲ್ ಮುಚ್ಚಳದಿಂದ ಎಂಜಿನ್ನಿಗೆ ಇಳಿಯುವ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆಯನ್ನು ನೋಡಿಸಿ. ಹಳೆಯದಾದಂತೆ ಅದು ಬಿಸ್ಕತ್ತಿನಂತೆ ಪುಡಿಯಾಗುತ್ತದೆ, ಬಿರುಕು ಕೆಳಬದಿಯಲ್ಲಿ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಇನ್‌ಟೇಕ್‌ನ ರಬ್ಬರ್ ಬೂಟುಗಳು, ಬ್ರೇಕ್ ಬೂಸ್ಟರ್‌ಗೆ ಹೋಗುವ ಕೊಳವೆ, ಬೆರಳಿಗಿಂತ ತೆಳ್ಳನೆಯ ನಿರ್ವಾತದ ಪೈಪುಗಳು. ಈ ಕಾರಿನಲ್ಲಿ ಎಂಜಿನ್ ಸೀಟಿನ ಹಿಂದೆ ಅಡಗಿದೆ, ಬಾನೆಟ್ ಎತ್ತಿ ನೋಡುವ ಸೌಕರ್ಯವಿಲ್ಲ. ಮೇಲ್ಛಾವಣಿಯನ್ನು ಅರ್ಧ ಮಡಚಿ, ಕಾರ್ಪೆಟ್ ತೆಗೆದು, ಮುಚ್ಚಳ ಬಿಚ್ಚಬೇಕು. ಅದಕ್ಕೆ ಸೋಮಾರಿತನ ಪಟ್ಟು ಕೈಗೆ ಸುಲಭವಾಗಿ ಸಿಗುವ ಸೆನ್ಸರ್‌ಗಳನ್ನು ಬದಲಿಸುವವರು ಎಲ್ಲ ಊರಿನಲ್ಲಿಯೂ ಇದ್ದಾರೆ.

ಹೀಗೆ ಒಂದೊಂದನ್ನೇ ಬಿಚ್ಚುವುದಕ್ಕಿಂತ ಸ್ಮೋಕ್ ಟೆಸ್ಟ್ ಮಾಡಿಸಿ. ಇನ್‌ಟೇಕ್‌ನೊಳಗೆ ಕಡಿಮೆ ಒತ್ತಡದಲ್ಲಿ ಹೊಗೆ ತುಂಬಿಸಿದರೆ ಬಿರುಕಿರುವಲ್ಲಿ ಹೊಗೆ ಹೊರಬರುತ್ತದೆ. ವಾದಕ್ಕೆ ಎಡೆಯಿಲ್ಲ. ನೀವು ಆಗಲೇ ಹಾಕಿಸಿರುವ ನಾಲ್ಕು ಸೆನ್ಸರ್‌ಗಳ ಬೆಲೆಯ ಸಣ್ಣ ಭಾಗದಲ್ಲಿ ಈ ಪರೀಕ್ಷೆ ಮುಗಿಯುತ್ತದೆ. ಗ್ಯಾರೇಜಿಗೆ ಹೋದಾಗ ‘ದೀಪ ಆರಿಸಿಕೊಡಿ’ ಎನ್ನಬೇಡಿ. ‘ಐಡಲ್‌ನಲ್ಲಿ ಎರಡೂ ಬದಿ ಲೀನ್ ಇದೆ, ಸೋರಿಕೆ ಎಲ್ಲಿದೆ ಎಂದು ಹುಡುಕಿಕೊಡಿ, ಹುಡುಕುವ ಕೆಲಸಕ್ಕೆ ನಾನು ಹಣ ಕೊಡುತ್ತೇನೆ’ ಎನ್ನಿ. ಈ ಒಂದು ಮಾತಿನಿಂದ ಕೆಲಸದ ದಿಕ್ಕೇ ಬದಲಾಗುತ್ತದೆ. ಹುಡುಕಾಟಕ್ಕೆ ಕೂಲಿ ಸಿಗದ ಮೆಕ್ಯಾನಿಕ್ ಬಿಡಿಭಾಗ ಮಾರಿಯೇ ಬದುಕಬೇಕಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕೆ ಮೊದಲು ಲಿಖಿತ ಅಂದಾಜು ಪಡೆಯುವುದು ನಿಮ್ಮ ಹಕ್ಕು. ಮೊದಲೇ ಕೇಳಿದರೆ ಬಿಚ್ಚಿದ ಹಳೆಯ ಭಾಗವನ್ನು ಹಿಂದಕ್ಕೆ ಪಡೆಯುವುದೂ ಹಕ್ಕು. ಎರಡನ್ನೂ ಬಳಸಿಕೊಳ್ಳಿ.

ಬದಲಿಸಿದ ಮಾಸ್ ಏರ್ ಫ್ಲೋ ಸೆನ್ಸರ್ ಯಾವ ಕಂಪನಿಯದು ಎಂದು ಬಿಲ್ಲಿನಲ್ಲಿ ನೋಡಿ. ಈ ಕಾರಿಗೆ ಬಾಷ್ ಸೆನ್ಸರ್ ಬೇಕು. ಅಗ್ಗದ ಅನುಕರಣೆಗಳು ಗಾಳಿಯನ್ನು ತಪ್ಪಾಗಿ ಅಳೆದು, ಇಲ್ಲದ ದೋಷವನ್ನು ಹುಟ್ಟಿಸುತ್ತವೆ. ಎಣ್ಣೆ ಹಚ್ಚುವ ಬಗೆಯ ಏರ್ ಫಿಲ್ಟರ್ ಹಾಕಿದ್ದರೆ ತೆಗೆದುಬಿಡಿ, ಆ ಎಣ್ಣೆ ಸೆನ್ಸರಿನ ಬಿಸಿ ಪದರದ ಮೇಲೆ ಕೂರುತ್ತದೆ.

ಪಿ0410 ಬೇರೆ ದೋಷದಂತೆ ಕಂಡರೂ ಸಂಬಂಧ ಇರಬಹುದು. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಮೊದಲ ಒಂದು ಒಂದೂವರೆ ನಿಮಿಷ ಒಂದು ಪಂಪ್ ಮೊರೆಯುತ್ತದೆ. ಹೊಗೆಯ ಮಾಲಿನ್ಯ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲೆಂದು ಅದು ಎಕ್ಸಾಸ್ಟ್‌ಗೆ ಹೊಸ ಗಾಳಿ ತಳ್ಳುತ್ತದೆ. ಆ ಗಾಳಿಗೆ ದಾರಿ ಬಿಡುವ ಕವಾಟ ತೆರೆದುಕೊಳ್ಳುವುದು ಎಂಜಿನ್‌ನ ನಿರ್ವಾತದಿಂದ. ತೆಳ್ಳನೆಯ ಒಂದು ಪೈಪು ಬಿರಿದಿದ್ದರೆ ಕವಾಟ ತೆರೆಯದೆ ಪಿ0410, ಅದೇ ಬಿರುಕಿನಿಂದ ಗಾಳಿ ನುಗ್ಗಿ ಲೀನ್ ಕೋಡ್. ಬೆಳಿಗ್ಗೆ ಮೊರೆತ ಕೇಳಿಸುತ್ತದೆಯೇ ಎಂದು ಗಮನಿಸಿ. ಕೇಳಿಸದಿದ್ದರೆ ಪಂಪಿನ ರಿಲೇ, ಫ್ಯೂಸ್ ಮೊದಲು. ಕೇಳಿಸಿದರೆ ಪೈಪು ಮತ್ತು ಕವಾಟ.

ಪೆಟ್ರೋಲಿನ ವಿಷಯವನ್ನೂ ಸೇರಿಸಬೇಕು, ಇದು ಬೆಂಗಳೂರಿನಲ್ಲಿ ಹಳೆಯ ಕಾರು ಇಟ್ಟುಕೊಂಡಿರುವ ಓದುಗರಿಗೂ ಬೇಕಾದ ಮಾತು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಶೇ. 10 ಎಥನಾಲ್ ಬೆರೆತರೆ ಅದು 14.1ರ ಆಸುಪಾಸಿಗೆ ಇಳಿಯುತ್ತದೆ, ಶೇ. 20 ಬೆರೆತರೆ 13.5ರ ಆಸುಪಾಸಿಗೆ. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು, ಇಸಿಯು ತನ್ನ ತಿದ್ದುಪಡಿಯ ಒಂದು ಭಾಗವನ್ನು ಅಲ್ಲಿಯೇ ಖರ್ಚು ಮಾಡುತ್ತದೆ. ನಿಮ್ಮಲ್ಲಿ ಸಿಗುವುದು ಶೇ. 10ರ ಮಿಶ್ರಣ, ನಿಮ್ಮ ಕಾರು ಅದನ್ನು ಸಲೀಸಾಗಿ ತಾಳುತ್ತದೆ. ಭಾರತದಲ್ಲಿ ಈಗ ಶೇ. 20. ಮೊದಲೇ ಸಣ್ಣ ಸೋರಿಕೆ ಇದ್ದೂ ದೀಪ ಹತ್ತದೆ ಉಳಿದಿದ್ದ ಹಳೆಯ ಕಾರು ಪೆಟ್ರೋಲ್ ಬದಲಾದ ಮೇಲೆ ಮಿತಿ ದಾಟಿಬಿಡಬಹುದು. ಬೆಂಗಳೂರಿನ ಹೊಗೆ ತಪಾಸಣೆಯಲ್ಲಿ ಹಳೆಯ ಕಾರುಗಳ ದೀಪವನ್ನು ಯಾರೂ ನೋಡುವುದಿಲ್ಲವಾದ್ದರಿಂದ ಅಲ್ಲಿ ವರ್ಷಗಟ್ಟಲೆ ದೀಪ ಹತ್ತಿಸಿಕೊಂಡೇ ಓಡುವ ಕಾರುಗಳಿವೆ. ತಪಾಸಣೆಯವರು ನೋಡದಿದ್ದರೂ ನೀವು ನೋಡಿ ಎಂದು ಆ ಕಾರುಗಳ ಮಾಲೀಕರಿಗೆ ಹೇಳುತ್ತೇನೆ.

ದೀಪ ಮಿನುಗಲು ಆರಂಭಿಸಿದರೆ ಮಾತ್ರ ಕಾಯಬೇಡಿ. ಸಿಲಿಂಡರಿನಲ್ಲಿ ಬೆಂಕಿ ಹತ್ತದೆ ಹಸಿ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗುತ್ತಿದೆ ಎಂದು ಅದರ ಅರ್ಥ. ಕೆಲವೇ ನಿಮಿಷಗಳಲ್ಲಿ ಅದು ಸುಟ್ಟುಹೋಗಬಹುದು. ಪಕ್ಕಕ್ಕೆ ನಿಲ್ಲಿಸಿ. ಈ ಎಂಜಿನ್‌ನಲ್ಲಿ ಪ್ರತಿ ಸ್ಪಾರ್ಕ್ ಪ್ಲಗ್ಗಿಗೂ ಒಂದೊಂದು ಇಗ್ನಿಷನ್ ಕಾಯಿಲ್ ಇದೆ, ಹಳೆಯದಾದಂತೆ ಅದರ ಹೊರಕವಚ ಬಿರಿದು ಮಳೆಯ ದಿನಗಳಲ್ಲಿ ಅಥವಾ ಕಾರು ತೊಳೆದ ಮೇಲೆ ಕೈಕೊಡುತ್ತದೆ.

ಇನ್ನು ಸ್ಮಾಗ್ ಚೆಕ್. ನಿಮ್ಮ ರಾಜ್ಯದಲ್ಲಿ 2000 ಮತ್ತು ಅನಂತರದ ಮಾದರಿಯ ಪೆಟ್ರೋಲ್ ಕಾರುಗಳ ಹೊಗೆಯನ್ನು ಈಗ ಸೈಲೆನ್ಸರ್‌ನಲ್ಲಿ ಅಳೆಯುವುದಿಲ್ಲ, ಇಸಿಯುವನ್ನೇ ಕೇಳುತ್ತಾರೆ. ದೀಪ ಹತ್ತಿದ್ದರೆ ಫೇಲ್. ದೀಪ ಆರಿದ್ದರೂ, ಇಸಿಯು ತನ್ನ ಒಳ ಪರೀಕ್ಷೆಗಳನ್ನು ಮುಗಿಸಿಲ್ಲದಿದ್ದರೆ ಪಾಸ್ ಮಾಡುವುದಿಲ್ಲ. ಈ ಒಳ ಪರೀಕ್ಷೆಗಳನ್ನು ರೆಡಿನೆಸ್ ಮಾನಿಟರ್ ಎನ್ನುತ್ತಾರೆ, ಕೋಡ್ ಅಳಿಸಿದ ಕೂಡಲೇ ಇವೆಲ್ಲ ಸೊನ್ನೆಗೆ ಬರುತ್ತವೆ. ನಿಮ್ಮ ಮಾದರಿಗೆ ಇಂಧನ ಆವಿಯ ಮಾನಿಟರ್ ಒಂದು ಬಾಕಿ ಇರಬಹುದು, ಉಳಿದವು ಮುಗಿದಿರಲೇಬೇಕು. ಆದ್ದರಿಂದ ಹಿಂದಿನ ದಿನ ಅಳಿಸಿಕೊಂಡು ಹೋಗುವ ಉಪಾಯ ನಡೆಯುವುದಿಲ್ಲ. ರಿಪೇರಿ ಮುಗಿದ ಮೇಲೆ ಒಂದೇ ಒಂದು ಸಲ ಅಳಿಸಿ, ಅದು ನ್ಯಾಯವಾದ ಅಳಿಸುವಿಕೆ. ಆಮೇಲೆ ಎರಡು ವಾರ ಸಹಜವಾಗಿ ಓಡಿಸಿ: ರಾತ್ರಿಯಿಡೀ ತಣ್ಣಗಾದ ಎಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಐಡಲ್‌ನಲ್ಲಿ ಬಿಡುವುದು, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವುದು, ನಡುನಡುವೆ ಆಕ್ಸಿಲರೇಟರ್ ಬಿಟ್ಟು ಬ್ರೇಕ್ ಒತ್ತದೆ ವೇಗ ಇಳಿಯಲು ಬಿಡುವುದು. ಟ್ಯಾಂಕ್ ಕಾಲು ಭಾಗಕ್ಕಿಂತ ಹೆಚ್ಚು, ಮುಕ್ಕಾಲಿಗಿಂತ ಕಡಿಮೆ ಇರಲಿ. ಮಾನಿಟರ್‌ಗಳು ಮುಗಿದವೇ ಎಂದು ನಿಮ್ಮ ಸ್ಕ್ಯಾನರ್‌ನಲ್ಲಿಯೇ ನೋಡಿಕೊಂಡು ಹೋಗಿ. ಈ ನಡುವೆ ಬ್ಯಾಟರಿ ಬಿಚ್ಚಬೇಡಿ, ಬಿಚ್ಚಿದರೆ ಮತ್ತೆ ಮೊದಲಿನಿಂದ. ರಿಪೇರಿಗೆಂದು ಬಿಚ್ಚಲೇಬೇಕಾದರೆ, ಮತ್ತೆ ಜೋಡಿಸಿದಾಗ ಆಕ್ಸಿಲರೇಟರ್ ಮುಟ್ಟದೆ ಒಂದು ನಿಮಿಷ ಇಗ್ನಿಷನ್ ಆನ್ ಇಟ್ಟು ಆಫ್ ಮಾಡಿ, ಆಮೇಲೆ ಸ್ಟಾರ್ಟ್ ಮಾಡಿ. ನಿಮ್ಮ ಮಾದರಿಯ ವಿದ್ಯುತ್ ಥ್ರಾಟಲ್ ತನ್ನ ಸ್ಥಾನವನ್ನು ಆಗ ಗುರುತಿಸಿಕೊಳ್ಳುತ್ತದೆ.

ಈ ನಡುವೆ ಕನ್ವರ್ಟರ್ ಸೋತಿದೆ ಎನ್ನುವ ಪಿ0420 ಅಥವಾ ಪಿ0430 ಕೋಡ್ ಬಂದು ಯಾರಾದರೂ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಿ ಎಂದರೆ ಒಪ್ಪಬೇಡಿ. ಸೋರಿಕೆ ಸರಿಯಾಗುವ ತನಕ ಆ ಕೋಡ್ ಅನ್ನು ನಂಬುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬೇರೆ ಕಂಪನಿಯ ಕನ್ವರ್ಟರ್ ಹಾಕಿದರೆ ಅದಕ್ಕೆ ನಿಮ್ಮ ಮಾದರಿಗೆ ಅನ್ವಯಿಸುವ ವಾಯು ಮಂಡಳಿಯ ಅನುಮತಿ ಸಂಖ್ಯೆ ಇರಬೇಕು, ಅಂಥದ್ದು ಅಗ್ಗವಲ್ಲ.

ಮಾರುವ ಪ್ರಶ್ನೆಗೆ ಉತ್ತರ ಕೊಡದೆ ಮುಗಿಸಲಾಗದು. ಮಾರಿದರೆ ತಲೆನೋವು ತಪ್ಪುತ್ತದೆ ಎಂದು ನೀವು ಅಂದುಕೊಂಡಿದ್ದರೆ ಅದು ತಪ್ಪು: ಕ್ಯಾಲಿಫೋರ್ನಿಯಾದಲ್ಲಿ ಮಾರುವವರೇ ಊರ್ಜಿತವಾದ ಸ್ಮಾಗ್ ಪ್ರಮಾಣಪತ್ರ ಕೊಡಬೇಕು. ದೀಪ ಹತ್ತಿದ ಕಾರನ್ನು ಬಿಡಿಗಾಸಿಗೆ ಕೊಡಬೇಕಾದೀತು. ದುರಸ್ತಿಗೆ ಮೊದಲು ಒಂದು ಕೆಲಸ ಮಾತ್ರ ಮಾಡಿ: ಮುಂದಿನ ಎಣ್ಣೆ ಬದಲಾವಣೆಯನ್ನು ಈಗಲೇ ಮಾಡಿಸಿ, ಹಳೆಯ ಫಿಲ್ಟರನ್ನು ಬಿಡಿಸಿ ಮಡಿಕೆಗಳ ನಡುವೆ ಲೋಹದ ಚೂರುಗಳಿವೆಯೇ ನೋಡಿ. ಈ ತಲೆಮಾರಿನ ಎಂಜಿನ್‌ಗಳ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ಒಳದಂಡದ ಬೇರಿಂಗ್ ದುರ್ಬಲ ಎಂಬುದು ನಿಮಗೆ ಗೊತ್ತಿರಬಹುದು, ಅದು ಹೋಗುವ ಮೊದಲು ದೀಪ ಹತ್ತಿ ಎಚ್ಚರಿಸುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಫಿಲ್ಟರಿನಲ್ಲಿ ಹೊಳೆಯುವ ಚೂರುಗಳು ಕಂಡರೆ ಕಾರನ್ನು ನಿಲ್ಲಿಸಿ, ಸೆಪರೇಟರ್‌ಗೆ ಒಂದು ಡಾಲರ್ ಕೂಡ ಹಾಕದೆ ಮೊದಲು ಎಂಜಿನ್ ಬಲ್ಲವರಿಗೆ ತೋರಿಸಿ. ಫಿಲ್ಟರ್ ಸ್ವಚ್ಛವಾಗಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಸೋರಿಕೆ ಸಿಕ್ಕರೆ ನಿಮ್ಮ ಕಾರಿಗೆ ಬೇಕಿರುವುದು ಒಂದು ಪ್ಲಾಸ್ಟಿಕ್ ಡಬ್ಬಿ, ಒಂದೆರಡು ಕೊಳವೆ, ಥ್ರಾಟಲ್‌ನ ಎಣ್ಣೆ ಒರೆಸುವ ಕೆಲಸ ಮತ್ತು ಒಬ್ಬ ತಾಳ್ಮೆಯ ಮೆಕ್ಯಾನಿಕ್. 3.2 ಲೀಟರಿನ ಆ ಎಂಜಿನ್ ಅಷ್ಟು ಆರೈಕೆಗೆ ಖಂಡಿತ ಅರ್ಹ.

ಐಡಲ್‌ನ ಮತ್ತು 2500 ಸುತ್ತಿನ ತಿದ್ದುಪಡಿಗಳು, ಆಯಿಲ್ ಮುಚ್ಚಳ ಎತ್ತಿದಾಗ ಕಂಡದ್ದು, ಬೆಳಿಗ್ಗೆ ಪಂಪಿನ ಸದ್ದು ಇತ್ತೇ ಇಲ್ಲವೇ: ಇಷ್ಟನ್ನು ಬರೆದು ಕಳುಹಿಸಿ. ಸ್ಮೋಕ್ ಟೆಸ್ಟ್‌ಗೆ ಹೋಗುವ ಮೊದಲೇ ಯಾವ ಕಡೆಯಿಂದ ಹುಡುಕಲು ಹೇಳಬೇಕೆಂದು ತಿಳಿಸುತ್ತೇನೆ.